ಹಿತ್ತಲಿನ ನೀರು

ಮೂಲಂಗಿ, ನವಿಲುಕೋಸು, ಹೂಕೋಸುಗಳಿಗೆ ನಮ್ಮ ಹುಣಸಮಾರನಹಳ್ಳಿಯ ಕೆಂಪು ಮಣ್ಣೂ ಕಾರ್ತಿಕದ ಚಳಿಯೂ ಬಲು ಒಗ್ಗುತ್ತವೆ. ತೊಡಕೆಲ್ಲ ನೀರಿನದು. ನವೆಂಬರ್ ಕಳೆದರೆ ಆಮೇಲೆ ಬೀಳುವುದು ಬಹುತೇಕ ಇಬ್ಬನಿಯೇ. ನೀರು ತಪ್ಪಿದರೆ ನವಿಲುಕೋಸು ನಾರಾಗುತ್ತದೆ, ಮೂಲಂಗಿ ಖಾರವಾಗುತ್ತದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯುದ್ದಕ್ಕೂ ಮನೆಗಳೆದ್ದವು, ಬೋರ್‌ವೆಲ್ಲುಗಳು ಇನ್ನೂ ಆಳಕ್ಕಿಳಿದವು. ಶಿವರಾತ್ರಿ ಹತ್ತಿರವಾದಂತೆ ನಮ್ಮ ಬೀದಿಯ ಬಾಡಿಗೆಮನೆಗಳ ಹೆಂಗಸರು ಬಿಂದಿಗೆ ಸಾಲಿಟ್ಟು ಟ್ಯಾಂಕರಿಗೆ ಕಾಯುತ್ತಾರೆ. ನಮ್ಮ ಬೋರಿನಲ್ಲಿ ಇನ್ನೂ ನೀರಿದೆ. "ನಿಮ್ ಜಾಗ, ನಿಮ್ ಬೋರು, ಯಾರು ಕೇಳ್ತಾರೆ ಟೀಚರಮ್ಮಾ?" ಎನ್ನುತ್ತಾರೆ ಪಕ್ಕದ ಮನೆಯಾಕೆ. ಬ್ರಿಟಿಷರ ಕಾಲದ, 1882ರ ಈಸ್‌ಮೆಂಟ್ ಕಾಯಿದೆಯದೂ ಹೆಚ್ಚುಕಡಿಮೆ ಇದೇ ಮಾತು: ನೆಲ ಯಾರದೋ ಅಡಿಯ ನೀರನ್ನೆತ್ತುವ ಹಕ್ಕೂ ಅವರದೇ. ಆದರೆ ನೀರಿಗೆ ಕಾಂಪೌಂಡು ಗೊತ್ತೇ? ನಾನೆತ್ತಿದ ಬಿಂದಿಗೆ ಆಚೆ ಮನೆಯ ಅಡಿಯಿಂದಲೂ ಬಂದಿರಬಹುದು.

ಹಾಗೆಂದು ಗಿಡ ಹಾಕುವುದನ್ನೇ ಬಿಟ್ಟರೆ? ಅಂಗಡಿಯ ಹೂಕೋಸೇನು ನೀರಿಲ್ಲದೆ ಬೆಳೆದದ್ದೇ? ಕೋಲಾರದ ಕಡೆ ಯಾರದೋ ಕೊಳವೆಬಾವಿ ಅದಕ್ಕಾಗಿ ಬತ್ತುತ್ತಿರಬಹುದು. ಕಣ್ಣಿಗೆ ಕಾಣದ್ದಕ್ಕೆ ಪಾಪವಿಲ್ಲವೆನ್ನುವ ನ್ಯಾಯ ನನಗೆ ಹಿಡಿಸುವುದಿಲ್ಲ.

ಈಗ ಅಕ್ಕಿ, ಸೊಪ್ಪು ತೊಳೆದ ನೀರಿಗೆ ಸಾಲುವಷ್ಟೇ ನವಿಲುಕೋಸು, ಹನ್ನೆರಡು ಬುಡ. ಹೂಕೋಸಿನ ಜಾಗದಲ್ಲಿ ಅವರೆ. ಮಂಜಿನಲ್ಲೇ ಸೊಗಡು ತುಂಬಿಕೊಳ್ಳುವ ಜಾಣೆ ಅದು. ಸಂಜೆ ಅರ್ಧ ಗಂಟೆ ಬೋರಿನ ಪೈಪು ಗೇಟಿನಾಚೆ ಇರುತ್ತದೆ. "ಬತ್ತಿಹೋದ್ರೆ ಏನ್ ಮಾಡ್ತೀರಿ?" ಎಂದು ಪಕ್ಕದಾಕೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.