ಹಿಂತಿರುಗುವ ದಿನ

ಬರುವ ಜೂನ್‌ನಲ್ಲಿ ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಕಾರು ಓಡಿಸಬೇಕೆಂದು ನಾನೂ ಕ್ಯಾಲ್ಗರಿಯಲ್ಲಿರುವ ನನ್ನ ಗೆಳೆಯನೂ ತಯಾರಿ ನಡೆಸಿದ್ದೇವೆ. ಯೂಕಾನ್‌ನ ಡಾಸನ್ ಸಿಟಿಯ ಬಳಿ ಶುರುವಾಗುವ ಈ ಜಲ್ಲಿ ರಸ್ತೆ ಆರ್ಕ್ಟಿಕ್ ವೃತ್ತ ದಾಟಿ ಇನುವಿಕ್‌ವರೆಗೆ ಸುಮಾರು 740 ಕಿ.ಮೀ. ಸಾಗುತ್ತದೆ. ರಸ್ತೆ ಹಿಡಿದ ಮೇಲೆ ಮೊದಲು ಪೆಟ್ರೋಲ್ ಸಿಗುವುದು 369ನೇ ಕಿಲೋಮೀಟರಿನ ಈಗಲ್ ಪ್ಲೇನ್ಸ್‌ನಲ್ಲಿ. ದಾರಿಯ ಬಹುಭಾಗದಲ್ಲಿ ಮೊಬೈಲ್ ಕೆಲಸ ಮಾಡುವುದಿಲ್ಲ. ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಸೇತುವೆಯಿಲ್ಲ. ಬೇಸಿಗೆಯಲ್ಲಿ ಫೆರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ರಸ್ತೆ. ಫೆರಿ ಯಾವತ್ತು ಶುರುವಾಗುತ್ತದೆ ಎಂಬುದು ಆ ವರ್ಷದ ಮಂಜುಗಡ್ಡೆಗೆ ಬಿಟ್ಟದ್ದು.

ಎರಡು ಸ್ಟೆಪ್ನಿ, ಪೆಟ್ರೋಲ್ ಕ್ಯಾನು, ಉಪಗ್ರಹ ಸಂಪರ್ಕದ ಸಾಧನ ಎಲ್ಲಕ್ಕೂ ಗೆಳೆಯ ಒಪ್ಪಿದ. ಜಗಳವಾದದ್ದು ಪಟ್ಟಿಯ ಕೊನೆಯಲ್ಲಿ ನಾನು ಬರೆದ ಒಂದು ಸಾಲಿಗೆ: 'ಯಾವ ದಿನದೊಳಗೆ ನದಿ ದಾಟದಿದ್ದರೆ ವಾಪಸ್?' "ಅಲ್ವೋ, ಹೊರಡೋಕೆ ಮುಂಚೇನೇ ವಾಪಸ್ ಬರೋ ಮಾತಾ?" ಎಂದು ಫೋನಿಟ್ಟ.

ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಟ್ಟರೆ ಕಾಡಿಗೆ ಹೋಗುವುದೇಕೆ? ಮನುಷ್ಯನ ಹಿಡಿತಕ್ಕೆ ಸಿಗದ ನೆಲ ಎಂದೇ ತಾನೆ ಅದು ನಮ್ಮನ್ನು ಸೆಳೆದದ್ದು? ಆದರೆ ಆ ರಸ್ತೆಯ ಹೆಸರಿನ ಹಿಂದಿರುವ ಕತೆ ನನ್ನನ್ನು ಸುಮ್ಮನಿರಗೊಡುವುದಿಲ್ಲ.

1910ರ ಡಿಸೆಂಬರ್‌ನಲ್ಲಿ ಇನ್‌ಸ್ಪೆಕ್ಟರ್ ಫ್ರಾನ್ಸಿಸ್ ಫಿಟ್ಜ್‌ಜೆರಾಲ್ಡ್ ಮೂವರು ಸಂಗಡಿಗರೊಡನೆ ನಾಯಿಬಂಡಿಗಳಲ್ಲಿ ಫೋರ್ಟ್ ಮೆಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟ. ಬೇಗ ತಲುಪುವ ಹಟದಲ್ಲಿ ಆಹಾರ ಕಡಿಮೆ ಒಯ್ದ. ದಾರಿಯಲ್ಲಿ ಸಿಕ್ಕ ಎಸಾವ್ ಜಾರ್ಜ್ ಎಂಬ ಗ್ವಿಚಿನ್ ಮಾರ್ಗದರ್ಶಿಯನ್ನು ಸ್ವಲ್ಪ ದೂರ ಕರೆದೊಯ್ದು ಕಳಿಸಿಬಿಟ್ಟ. ಆಮೇಲೆ ತಿರುಗಬೇಕಿದ್ದ ತೊರೆಯೇ ಸಿಗಲಿಲ್ಲ. ದಿನಗಟ್ಟಲೆ ಹುಡುಕಿ ತಡವಾಗಿ ಹಿಂತಿರುಗಿದರು. ನಾಯಿಗಳನ್ನೇ ಕೊಂದು ತಿಂದರು. ನಾಲ್ವರೂ ಸತ್ತದ್ದು ಹೊರಟ ಊರಿನಿಂದ 60 ಕಿ.ಮೀ. ಒಳಗೇ.

ಗ್ವಿಚಿನ್ ಜನ ಯಾವ ಪಟ್ಟಿಯೂ ಇಲ್ಲದೆ ಅಲ್ಲೇ ಬಾಳಲಿಲ್ಲವೇ ಎಂದು ಗೆಳೆಯ ಒಮ್ಮೆ ಕೇಳಿದ್ದ. ಅವರಿಗೆ ಪಟ್ಟಿ ಇರಲಿಲ್ಲವೆಂದಲ್ಲ, ಅದು ತಲೆಮಾರುಗಳಿಂದ ಮೈಗೂಡಿತ್ತು. ಎಸಾವ್ ಜಾರ್ಜ್‌ನನ್ನು ಕಳಿಸಿದಾಗ ಫಿಟ್ಜ್‌ಜೆರಾಲ್ಡ್ ಕಳೆದುಕೊಂಡದ್ದು ಅದನ್ನೇ. ತಯಾರಿ ಎಂದರೆ ನೆಲವನ್ನು ಹತೋಟಿಗೆ ತರುವುದು ಎಂದುಕೊಂಡಿದ್ದೆ. ನನಗೆ ಗೊತ್ತಿಲ್ಲದ್ದನ್ನು ಬಲ್ಲವರ ಮುಂದೆ ಒಪ್ಪಿಕೊಳ್ಳುವುದೂ ತಯಾರಿಯೇ ಎಂದು ಈಗ ಅನಿಸುತ್ತಿದೆ.

ನನ್ನ ಜೀವ, ನನ್ನ ಇಷ್ಟ ಎನ್ನಬಹುದು. ಆದರೆ 1911ರ ಫೆಬ್ರವರಿ ಕೊನೆಗೆ ಕಾರ್ಪೊರಲ್ ಡೆಂಪ್‌ಸ್ಟರ್ ಒಬ್ಬ ಗ್ವಿಚಿನ್ ಮಾರ್ಗದರ್ಶಿಯೊಂದಿಗೆ ಅದೇ ಹಿಮದಲ್ಲಿ ಆ ನಾಲ್ವರನ್ನು ಹುಡುಕಿ ಹೊರಡಬೇಕಾಯಿತು. ನಮ್ಮ ಸಾಧನದ ಎಸ್‌ಒಎಸ್ ಗುಂಡಿಯೂ ಹಾಗೆಯೇ. ಅದನ್ನು ಒತ್ತಿದ ಕ್ಷಣ ನನ್ನ ಅಪಾಯ ನಾನು ಕಾಣದ ಯಾರದೋ ಹೆಗಲೇರುತ್ತದೆ. ಅದನ್ನು ಒಯ್ಯಲೇಬೇಕು. ಆದರೆ ಅದು ಕಿಸೆಯಲ್ಲಿದೆ ಎಂಬ ಧೈರ್ಯದಲ್ಲಿ ಒಂದು ದಿನ ಹೆಚ್ಚು ಮುಂದೆ ಹೋದರೆ, ಆ ದಿನದ ಸಾಹಸ ಸಾಲ ತಂದದ್ದು. ಸಾಲ ಕೊಡುವವರನ್ನು ನಾನು ಕೇಳಿಯೂ ಇಲ್ಲ.

ಹಿಂತಿರುಗುವ ದಿನವನ್ನು ಮನೆಯಲ್ಲೇ ಬರೆದಿಡಬೇಕು ಎನ್ನುವುದು ಇದಕ್ಕೇ. ನದಿಯ ದಡದಲ್ಲಿ ನಿಂತಾಗ ಖರ್ಚಾದ ದುಡ್ಡು, ಸವೆಸಿದ ದಾರಿ, ಜೊತೆಗಿರುವವನೆದುರು ಅಂಜುಬುರುಕನೆನಿಸುವ ನಾಚಿಕೆ, ಎಲ್ಲ ಸೇರಿ ಇನ್ನೊಂದು ದಿನ ನೋಡೋಣ ಎನ್ನುತ್ತವೆ. ಫಿಟ್ಜ್‌ಜೆರಾಲ್ಡ್‌ಗೂ ಹಾಗೇ ಅನಿಸಿರಬೇಕು.

1979ರಲ್ಲಿ ತೆರೆದ ಆ ಹೆದ್ದಾರಿಗೆ ಇಟ್ಟದ್ದು ಹುಡುಕಿ ಹೋದವನ ಹೆಸರು. ನಿನ್ನೆ ಪಟ್ಟಿಯನ್ನು ಗೆಳೆಯನಿಗೆ ಮತ್ತೆ ಕಳಿಸಿದೆ. ಆ ಸಾಲಿನ ಮುಂದೆ ತಾರೀಖು ನೀನೇ ಹಾಕು ಎಂದು ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.