ಒಪ್ಪಿಸುವುದು, ಒಪ್ಪುವುದು

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ‘ಎಲ್ಲಿ, ಮಗ್ಗಿ ಒಪ್ಪಿಸು’ ಎನ್ನುವುದು ಮಧುಗಿರಿ, ಕೊರಟಗೆರೆ ಕಡೆಯ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದ ವಾಡಿಕೆ. ಅದೇ ಮಾತು ಬೇರೆ ಕಡೆಯೂ ಓಡಾಡುತ್ತದೆ. ಬೀಗದ ಕೈ ಒಪ್ಪಿಸುತ್ತೇವೆ, ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಮಾಡುತ್ತೇವೆ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದೂ ಒಪ್ಪಿಸುವುದೇ, ಕಲಿತದ್ದನ್ನು ಹಿರಿಯರ ಮುಂದೆ ಹೇಳುವುದೂ ಒಪ್ಪಿಸುವುದೇ. ‘ಒಪ್ಪು’ ಎಂದರಂತೂ ಮನಸ್ಸು ತಾನಾಗಿ ಹೌದೆನ್ನುವುದು. ಕಥೋಲಿಕ ಧರ್ಮಸಭೆ ‘ಧರ್ಮೋಪದೇಶ’ ಎಂದು ಕರೆಯುವ ಕೆಲಸದ ಮೂರು ಮಗ್ಗುಲುಗಳೂ ಈ ಒಂದೇ ಕನ್ನಡ ಮಾತಿನಲ್ಲಿವೆ.

ಧರ್ಮೋಪದೇಶಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಕೆಟೆಕಿಸಂ’ ಎಂಬ ಮಾತಿಗೆ ಮೂಲವಾದ ಗ್ರೀಕ್ ಪದಕ್ಕೆ ದನಿ ಮೊಳಗಿಸು, ಕಿವಿಯಲ್ಲಿ ಮಾರ್ದನಿಸುವಂತೆ ಹೇಳು ಎಂಬ ಅರ್ಥವಿದೆ. ನಾಲ್ಕನೆಯ ಶತಮಾನದಲ್ಲಿ ಇದು ಅಕ್ಷರಶಃ ದನಿಯ ಕೆಲಸವೇ ಆಗಿತ್ತು. ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರಿಗೆ ವಿಶ್ವಾಸ ಸಂಗ್ರಹವನ್ನು ಬಾಯಿಂದ ಬಾಯಿಗೆ ಹೇಳಿಕೊಡುತ್ತಿದ್ದರು. ಅದನ್ನು ಕಾಗದದ ಮೇಲೆ ಬರೆದುಕೊಳ್ಳಬಾರದು, ಎದೆಯಲ್ಲಿ ಕೆತ್ತಿಕೊಳ್ಳಬೇಕು ಎಂದು ಜೆರುಸಲೇಮಿನ ಸಂತ ಸಿರಿಲ್ ತಾಕೀತು ಮಾಡಿದ್ದರು. ಕೆಲವು ದಿನ ಕಳೆದ ಮೇಲೆ ಅಭ್ಯರ್ಥಿಗಳು ಅದನ್ನು ಸಭೆಯ ಮುಂದೆ ಹೇಳಬೇಕಿತ್ತು. ಮೊದಲನೆಯದಕ್ಕೆ ಲ್ಯಾಟಿನ್ನಿನಲ್ಲಿ ‘ಕೊಡುವುದು’ ಎಂದೂ ಎರಡನೆಯದಕ್ಕೆ ‘ಮರಳಿ ಕೊಡುವುದು’ ಎಂದೂ ಹೆಸರು. ಅಂದರೆ ಸಭೆ ಒಪ್ಪಿಸುತ್ತದೆ, ಶಿಷ್ಯ ಮರಳಿ ಒಪ್ಪಿಸುತ್ತಾನೆ.

ಮರಳಿ ಒಪ್ಪಿಸುವಾಗ ಆ ಪಾಠ ‘ನಾನು ನಂಬುತ್ತೇನೆ’ ಎಂದು ಶುರುವಾಗುತ್ತಿತ್ತು. ಕೊಟ್ಟದ್ದು ಇಡೀ ಸಮುದಾಯದ ಸೊತ್ತು, ಮರಳಿ ಬಂದದ್ದು ಒಬ್ಬನ ಬಾಯಿಂದ, ಏಕವಚನದಲ್ಲಿ. ಧರ್ಮೋಪದೇಶದ ಉದ್ದೇಶವೆಲ್ಲ ಇಲ್ಲಿದೆ. ಹಸುಗೂಸಿಗೆ ದೀಕ್ಷಾಸ್ನಾನ ಕೊಡಿಸುವಾಗ ತಂದೆತಾಯಿ, ಜ್ಞಾನಪೋಷಕರು ಅದರ ಪರವಾಗಿ ಮಾತಾಡುತ್ತಾರೆ. ಆ ಎರವಲು ಮಾತನ್ನು ಮಗು ದೊಡ್ಡದಾದ ಮೇಲೆ ತನ್ನದಾಗಿ ಆಡಬೇಕು. ಎರವಲು ಸ್ವಂತವಾಗುವವರೆಗಿನ ದೀರ್ಘ ನಡಿಗೆಯೇ ಧರ್ಮೋಪದೇಶ. ಇದು ಮತಪ್ರಚಾರವಲ್ಲ ಎಂಬುದನ್ನೂ ಹೇಳಬೇಕು. ಶುಭಸಂದೇಶದ ಮೊದಲ ಘೋಷಣೆ ಬೇರೆ, ಅದನ್ನು ಈಗಾಗಲೇ ಒಪ್ಪಿಕೊಂಡವರನ್ನೂ ಅವರ ಮಕ್ಕಳನ್ನೂ ಬೆಳೆಸುವ ಧರ್ಮೋಪದೇಶ ಬೇರೆ ಎಂದು ಧರ್ಮಸಭೆ ವಿಂಗಡಿಸುತ್ತದೆ.

ಹಾಗಾದರೆ ದಾಟಿಸುವುದು ಏನನ್ನು? 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ವಿಶ್ವಾಸ, ಸಂಸ್ಕಾರಗಳು, ನಡತೆ, ಪ್ರಾರ್ಥನೆ ಎಂಬ ನಾಲ್ಕು ಭಾಗಗಳಲ್ಲಿ 2865 ಪರಿಚ್ಛೇದಗಳಿವೆ. ಇಷ್ಟನ್ನೂ ಬಾಯಿಪಾಠ ಮಾಡಿದವನೂ ಗುರಿ ಮುಟ್ಟಿದನೆಂದು ಹೇಳಲಾಗದು. ಜಗದ್ಗುರುಗಳಾದ ಪೋಪ್ ಎರಡನೆಯ ಜಾನ್ ಪಾಲ್ 1979ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಪತ್ರದಲ್ಲಿ ಇದನ್ನು ಬಿಚ್ಚಿ ಹೇಳಿದರು. ಕಲಿಯುವವನಿಗೆ ಕ್ರಿಸ್ತನ ಬಗ್ಗೆ ತಿಳಿಸಿದರಷ್ಟೇ ಸಾಲದು, ಕ್ರಿಸ್ತನ ಒಡನಾಟಕ್ಕೇ ಅವನನ್ನು ಕರೆದೊಯ್ಯಬೇಕು ಎಂಬುದು ಅದರ ತಿರುಳು. ಹೆಣ್ಣೊಪ್ಪಿಸುವಾಗ ಜಾತಕವನ್ನಷ್ಟೇ ಯಾರೂ ಒಪ್ಪಿಸುವುದಿಲ್ಲ. ಇಲ್ಲಿಯೂ ದಾಟಬೇಕಾದದ್ದು ಒಂದು ಸಂಬಂಧ.

ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳಲ್ಲಿ ಈ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದು ಮಂಗಳೂರಿನಲ್ಲಿ ಕೂತು ನೋಡಿದರೆ ಅರ್ಥವಾಗದು. ಕರಾವಳಿಯ ಕಥೋಲಿಕ ಕೇರಿಯಲ್ಲಿ ಗಂಟೆ, ಹಬ್ಬ, ನೊವೇನ, ಮೆರವಣಿಗೆಗಳೇ ಮಗುವಿಗೆ ಅರ್ಧ ಪಾಠ ಹೇಳಿ ಮುಗಿಸಿರುತ್ತವೆ. ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ತುಮಕೂರು ಜಿಲ್ಲೆಯ ಈ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕಥೋಲಿಕರ ಪಾಲು ತೀರ ಸಣ್ಣದು. ಮಗುವಿನ ಸುತ್ತ ಇರುವುದು ಗೊರವನಹಳ್ಳಿಯ ಮಹಾಲಕ್ಷ್ಮಿ, ಸಿದ್ಧರಬೆಟ್ಟ, ಪಾವಗಡದ ಶನಿಮಹಾತ್ಮ, ಶಿರಾದ ಮಲಿಕ್ ರೆಹಾನ್ ದರ್ಗಾ. ಶಾಲೆಯ ಗೆಳತಿ ಜಾತ್ರೆಯ ಕತೆ ಹೇಳಿ, ‘ನಿಮ್ಮ ದೇವರನ್ನ ಯಾಕೆ ಶಿಲುಬೆಗೆ ಹಾಕವ್ರೆ?’ ಎಂದು ಕೇಳಿದರೆ ಹುಡುಗಿ ಏನು ಹೇಳಬೇಕು? ಪುಸ್ತಕದ ಉತ್ತರ ಅಲ್ಲಿ ನಡೆಯುವುದಿಲ್ಲ. ಪಾವಗಡದಲ್ಲಿ ಭಾಷೆಯದೂ ಒಂದು ತೊಡಕು. ಮೂರು ಕಡೆ ಆಂಧ್ರ ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವ ಮಕ್ಕಳು ಬಹಳ. ಅಂಥ ಮಗುವಿಗೆ ಪ್ರಾರ್ಥನೆಯನ್ನು ಯಾವ ಭಾಷೆಯಲ್ಲಿ ಒಪ್ಪಿಸಬೇಕು?

ಭಾಷೆಯ ಈ ಪ್ರಶ್ನೆ ಮೈಸೂರು ಸೀಮೆಗೆ ಹಳೆಯದು. 1640ರ ದಶಕದ ಕೊನೆಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಮಿ ಮೊದಲು ಕನ್ನಡ ಕಲಿತರು. ಆ ಮೇಲೆ ಕನ್ನಡದಲ್ಲೇ ಧರ್ಮೋಪದೇಶ, ಸಂತರ ಚರಿತ್ರೆಗಳನ್ನು ಬರೆದರು. ವ್ಯಾಕರಣ, ಪದಕೋಶಗಳಿಗೂ ಕೈಹಾಕಿದರು. ಇನ್ನೂರು ವರ್ಷಗಳ ನಂತರ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳು ಬೆಂಗಳೂರಿನ ಮುದ್ರಣಾಲಯದಿಂದ 1855 ಮತ್ತು 1861ರಲ್ಲಿ ಕನ್ನಡ-ಲ್ಯಾಟಿನ್, ಲ್ಯಾಟಿನ್-ಕನ್ನಡ ನಿಘಂಟುಗಳನ್ನು ಹೊರತಂದರು. ವಿಶ್ವಾಸ ದಾಟಿಸಲು ಹೊರಟವರು ಮೊದಲು ತಾವೇ ಇಲ್ಲಿಯವರ ಮುಂದೆ ಪಾಠ ಒಪ್ಪಿಸಬೇಕಾಯಿತು.

ಬಾಯಿಪಾಠವನ್ನು ಹಗುರವಾಗಿ ಕಾಣುವವರಿಗೆ ಜಪಾನಿನ ಒಂದು ಘಟನೆ ಹೇಳಬೇಕು. ಅಲ್ಲಿ 1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿತ್ತು. ಗುರುಗಳನ್ನು ಅಟ್ಟಿದರು, ಕೊಂದರು. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ದೇವಾಲಯಕ್ಕೆ ಉರಕಾಮಿ ಎಂಬ ಹಳ್ಳಿಯ ಕೆಲವರು ಬಂದರು. ಅವರಲ್ಲೊಬ್ಬ ಹೆಂಗಸು ಫಾದರ್ ಪೆತಿಜಾನ್ ಅವರ ಬಳಿ ಬಂದು, ತಮ್ಮದೂ ಅವರ ಮನಸ್ಸೇ ಎಂದು ಪಿಸುಗುಟ್ಟಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಪೆತಿಜಾನ್ ಕೂಡ ಆ ಪ್ಯಾರಿಸ್ ಸಂಸ್ಥೆಯವರೇ. ಇನ್ನೂರು ವರ್ಷಕ್ಕೂ ಮೀರಿ ಆ ಜನಕ್ಕೆ ಗುರುಗಳಿರಲಿಲ್ಲ, ಬಲಿಪೂಜೆಯಿರಲಿಲ್ಲ. ನೀರೆರೆದು ದೀಕ್ಷೆ ಕೊಡಲು ಒಬ್ಬ, ಹಬ್ಬಗಳ ಲೆಕ್ಕ ಇಡಲು ಒಬ್ಬ ಎಂದು ಊರವರೇ ಹೊಣೆ ಹಂಚಿಕೊಂಡಿದ್ದರು. ಅಜ್ಜಿಯಿಂದ ಮೊಮ್ಮಗುವಿಗೆ ದಾಟುತ್ತ ಪ್ರಾರ್ಥನೆಯ ಲ್ಯಾಟಿನ್, ಪೋರ್ಚುಗೀಸ್ ಪದಗಳು ಸವೆದು ಹೋಗಿದ್ದವು. ಅರ್ಥ ಮಸುಕಾದರೂ ದನಿ ಉಳಿದಿತ್ತು.

ಆದರೆ ಅರ್ಥ ಮಸುಕಾಗಲು ಬಿಡಬಾರದೆಂದು ಪಟ್ಟು ಹಿಡಿದವರೊಬ್ಬರು ನಮ್ಮಲ್ಲೇ ಇದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ ಎರಡೇ ವರ್ಷಕ್ಕೆ, 1967ರಲ್ಲಿ, ಫಾದರ್ ಡಿ.ಎಸ್. ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ, ಆರಾಧನೆಗಳ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. 1969ರಲ್ಲಿ ರೋಮ್ ಭಾರತದ ಆರಾಧನೆಗೆ ಹನ್ನೆರಡು ಅಂಶಗಳ ಅಳವಡಿಕೆಗೆ ಅನುಮತಿ ಕೊಟ್ಟಿತು. ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಅದರಲ್ಲಿ ಸೇರಿದ್ದವು. ಇದೆಲ್ಲ ಬೇಡವೆಂದು ಸಿಟ್ಟಾದ ಕಥೋಲಿಕರೂ ಇದ್ದರು. ಆದರೂ ಪಾವಗಡದ ಮಗುವಿನ ಕಡೆಯಿಂದ ನೋಡಿದರೆ ಅಮಲೋರ್ಪವದಾಸರ ದಾರಿಯೇ ಸರಿ. ದೀಪವೆಂದರೆ ಏನು, ಕೈಮುಗಿಯುವುದೆಂದರೆ ಏನು ಎಂದು ಆ ಮಗುವಿಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿರುವುದರಿಂದಲೇ ಪಾಠ ಶುರುವಾಗಬೇಕಲ್ಲವೆ?

ಕಲಿಸುವವರ ಪಾಡನ್ನೂ ಮರೆಯುವಂತಿಲ್ಲ. ಕ್ರಿ.ಶ. 400ರ ಸುಮಾರಿಗೆ ಕಾರ್ತೇಜಿನ ದೆಯೊಗ್ರಾತಿಯಾಸ್ ಎಂಬ ಸೇವಾದರ್ಶಿ, ತನ್ನ ಪಾಠ ತನಗೇ ಬೇಸರ ತರಿಸುತ್ತಿದೆ ಎಂದು ಸಂತ ಅಗಸ್ಟೀನರಲ್ಲಿ ಹೇಳಿಕೊಂಡ. ಅಗಸ್ಟೀನರು ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಹೇಳುವವನಿಗೆ ಸಂತೋಷವಿದ್ದರೆ ಕೇಳುವವನಿಗೂ ಅದು ಮುಟ್ಟುತ್ತದೆ, ನಿಂತು ದಣಿದವನಿಗೆ ಕೂರಲು ಜಾಗ ಕೊಡು ಎಂಬಷ್ಟು ಸಣ್ಣ ವಿವರದವರೆಗೂ ಆ ಪುಸ್ತಕ ಹೋಗುತ್ತದೆ.

ಹೀಗೆ ಕಲಿಸುವವರನ್ನು ಕನ್ನಡ ಕಥೋಲಿಕರು ‘ಉಪದೇಶಿ’ ಎನ್ನುತ್ತಾರೆ. ಫ್ರಾನ್ಸಿಸ್ ಜಗದ್ಗುರುಗಳು 2021ರ ಮೇ 10ರಂದು ಈ ಕೆಲಸವನ್ನು ಶ್ರೀಸಾಮಾನ್ಯ ವಿಶ್ವಾಸಿಗಳ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಮರುವರ್ಷದ ಜನವರಿಯಲ್ಲಿ ರೋಮಿನಲ್ಲಿ ಮೊದಲ ಉಪದೇಶಿಗಳಿಗೆ ಶಿಲುಬೆಯನ್ನು ಕೈಯಾರೆ ಕೊಟ್ಟರು. ಫಾದರ್ ಬರಲಾಗದ ಭಾನುವಾರ ನಾಲ್ಕು ಮನೆಯವರನ್ನು ಸೇರಿಸಿ ಬೈಬಲ್ ಓದುವವರು ಇವರೇ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುತ್ತಿರುವ ಹುಡುಗಿ ಎದ್ದು ನಿಂತು ವಿಶ್ವಾಸ ಸಂಗ್ರಹ ಒಪ್ಪಿಸತೊಡಗುತ್ತಾಳೆ. ನಡುವೆ ಎಲ್ಲೋ ತಡವರಿಸುತ್ತಾಳೆ. ಒಳ್ಳೆಯ ಉಪದೇಶಿ ಆಗ ಮುಂದಿನ ಪದ ಎತ್ತಿಕೊಡದೆ ಸುಮ್ಮನೆ ಕಾಯುತ್ತಾರೆ. ಹಿಂದೆ ಕೂತ ತಾಯಿಯ ತುಟಿಗಳು ದನಿಯಿಲ್ಲದೆ ಅದೇ ಸಾಲನ್ನು ಹೇಳುತ್ತಿರುತ್ತವೆ.