ತಟ್ಟೆ ಮುಟ್ಟದ ನಾಯಿ: ದಾನ, ಋಣ ಮತ್ತು ನಿರಾಕರಣೆ

ದಾನವನ್ನು ಕುರಿತು ಭಾರತೀಯ ಧರ್ಮಗ್ರಂಥಗಳು ನಡೆಸಿರುವ ಚರ್ಚೆಯ ಬಹುಪಾಲು ಕೊಡುವವನ ಸುತ್ತಲೇ ನಡೆಯುತ್ತದೆ. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು, ಕೊಡುವಾಗ ಮನಸ್ಸು ಹೇಗಿರಬೇಕು ಎಂಬುದನ್ನು ಅವು ವಿಸ್ತಾರವಾಗಿ ಹೇಳುತ್ತವೆ. ಆದರೆ ಪ್ರೀತಿಯಿಂದ ಬಡಿಸಿದ್ದನ್ನು ಎದುರಿನ ಜೀವ ಮೂಸಿ ನೋಡಿ ಮುಖ ತಿರುಗಿಸಿದರೆ, ಕೊಟ್ಟವನ ಕರ್ತವ್ಯ ಅಲ್ಲಿಗೆ ಮುಗಿಯಿತೆ ಅಥವಾ ಆಗಷ್ಟೇ ಆರಂಭವಾಯಿತೆ ಎಂಬ ಪ್ರಶ್ನೆಗೆ ಸಿಕ್ಕಿರುವ ಗಮನ ಕಡಿಮೆ. ಮನುಷ್ಯ ಅತಿಥಿಯಾದರೆ ತಾನು ಒಲ್ಲೆನೆನ್ನಲು ಕಾರಣ ಹೇಳಬಲ್ಲನು. ಓಟದ ಪಂದ್ಯದಿಂದ ನಿವೃತ್ತವಾಗಿ ಹೊಸ ಮನೆಗೆ ದತ್ತು ಬಂದ ಗ್ರೇಹೌಂಡ್ ನಾಯಿ ಕಾರಣ ಹೇಳಲಾರದು. ತಟ್ಟೆಯ ಮುಂದೆ ನಿಂತು, ಒಮ್ಮೆ ಮೂಸಿ, ಹಿಂದೆ ಸರಿದು ಮಲಗಿಬಿಡುತ್ತದೆ. ಮನೆಯವರಿಗೆ ಸಣ್ಣ ತಾಪತ್ರಯವಾಗಿ ಕಾಣುವ ಈ ಸಂಗತಿಯೊಳಗೆ ದಾನ, ಋಣ ಮತ್ತು ಪರಜೀವಿಯ ಇಚ್ಛೆ ಎಂಬ ಮೂರು ಹಳೆಯ ಪ್ರಶ್ನೆಗಳು ಒಟ್ಟಿಗೆ ಸೇರಿಕೊಂಡಿವೆ.

ಗ್ರೇಹೌಂಡ್, ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯ ಬೆನ್ನಟ್ಟುವ ನಾಯಿಗಳ ಗುಂಪಿಗೆ ಸೇರಿದ ತಳಿ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಇದೇ ಗುಂಪಿನದಾದ್ದರಿಂದ ಆ ನೀಳ ಮೂತಿ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಸಪೂರ ಕಾಲುಗಳು ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ರೂಪಿಸಿದ ಯಾಂತ್ರಿಕ ಮೊಲ, ಎಂದರೆ ಕಂಬಿಯ ಮೇಲೆ ನಾಯಿಗಳ ಮುಂದೆ ಓಡುವ ಹುಸಿ ಬೇಟೆ, 1919ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಬಳಕೆಗೆ ಬಂದು, 1926ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೂ ತಲುಪಿದ ಮೇಲೆ ಈ ತಳಿಯ ಓಟ ಜೂಜಿನ ದೊಡ್ಡ ಉದ್ಯಮವಾಗಿ ಬೆಳೆಯಿತು. ಪಂದ್ಯದ ನಾಯಿ ಸಾಮಾನ್ಯವಾಗಿ ಐದು ವರ್ಷ ತುಂಬುವುದರೊಳಗೆ ನಿವೃತ್ತವಾಗುತ್ತದೆ, ಅದರ ಆಯುಷ್ಯವಾದರೋ ಹತ್ತು ಹನ್ನೆರಡು ವರ್ಷ. ಉಳಿದ ವರ್ಷಗಳು ಯಾರ ಹೊಣೆ ಎಂಬ ಪ್ರಶ್ನೆಯಿಂದಲೇ ದತ್ತು ಪದ್ಧತಿ ಹುಟ್ಟಿತು. ಫ್ಲಾರಿಡಾದ ಮತದಾರರು 2018ರಲ್ಲಿ ಈ ಪಂದ್ಯಗಳ ವಿರುದ್ಧ ತೀರ್ಪಿತ್ತು, 2020ರ ಅಂತ್ಯಕ್ಕೆ ಅಲ್ಲಿನ ಓಟಗಳೆಲ್ಲ ನಿಂತುಹೋದಾಗ ಆ ಹೊಣೆ ಇನ್ನಷ್ಟು ಸ್ಪಷ್ಟವಾಯಿತು.

ಹದಿನೆಂಟನೆಯ ಶತಮಾನದ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಎತ್ತಿಕೊಂಡ ಉದಾಹರಣೆ ಈ ಸಂದರ್ಭಕ್ಕೆ ಬಹಳ ಹತ್ತಿರದ್ದು. ದೀರ್ಘಕಾಲ ನಿಷ್ಠೆಯಿಂದ ದುಡಿದ ನಾಯಿಯನ್ನು ಅದು ಅಶಕ್ತವಾದ ಮೇಲೂ ಸಾಯುವವರೆಗೆ ಸಾಕಬೇಕೆಂದು ಅವನು ಹೇಳುತ್ತಾನೆ. ಆದರೆ ಆ ಕರ್ತವ್ಯ ನೇರವಾಗಿ ನಾಯಿಗೆ ಸಲ್ಲುವುದಲ್ಲ, ನಾಯಿಯ ಮೇಲೆ ಕಠೋರನಾದವನು ಮನುಷ್ಯರ ಮೇಲೂ ಕಠೋರನಾಗುತ್ತಾನಾದ್ದರಿಂದ ಅದು ಮಾನವತೆಗೆ ಸಲ್ಲುವ ಪರೋಕ್ಷ ಕರ್ತವ್ಯ ಎಂಬುದು ಅವನ ವಾದ. ದತ್ತು ಪಡೆದ ಗ್ರೇಹೌಂಡ್ ಈ ಲೆಕ್ಕವನ್ನು ಕದಡಿಬಿಡುತ್ತದೆ, ಏಕೆಂದರೆ ಅದರ ದುಡಿಮೆಯ ಫಲ ಉಂಡವರು ಪಂದ್ಯದ ಮಾಲೀಕರು ಮತ್ತು ಬಾಜಿ ಕಟ್ಟಿದವರು, ಸಾಕುವವರು ಬೇರೆಯವರು. ಅನ್ಯರು ಮಾಡಿಟ್ಟ ಋಣವನ್ನು ತೀರಿಸಲು ಬಂದ ಮನೆ ಇದು. ಹೀಗಿರುವಾಗ, ಮನೆ ಕೊಟ್ಟೆವು, ಮೆತ್ತನೆಯ ಹಾಸಿಗೆ ಕೊಟ್ಟೆವು, ಒಳ್ಳೆಯ ಊಟ ತಂದೆವು, ಆದರೂ ತಿನ್ನುವುದಿಲ್ಲವಲ್ಲ ಎಂಬ ಮುನಿಸು ಎಷ್ಟು ಸಹಜವೋ ಅಷ್ಟೇ ಅನುಚಿತ. ನಾಯಿಯ ತಲೆಯ ಮೇಲೆ ಅನ್ನದ ಋಣವೇ ಇಲ್ಲ, ಕೃತಜ್ಞತೆಯ ಕಂತನ್ನು ಅದರಿಂದ ಕೇಳುವ ಅಧಿಕಾರ ಯಾರಿಗೂ ಇಲ್ಲ.

ಕೊಡುವ ಮನಸ್ಸೊಂದೇ ಸಾಲದೆಂಬುದನ್ನು ಜೈನ ಪರಂಪರೆ ಬಲು ಹಿಂದೆಯೇ ಗುರುತಿಸಿತು. ಪ್ರಥಮ ತೀರ್ಥಂಕರನೂ 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ನಾಯಕನೂ ಆದ ಋಷಭದೇವನು ದೀಕ್ಷೆ ಪಡೆದು, ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕಾಗಿ ಊರೂರು ಸುತ್ತಿದಾಗ, ಜನರು ಅತ್ಯಂತ ಭಕ್ತಿಯಿಂದ ಅವನ ಮುಂದೆ ರತ್ನ, ವಾಹನ, ಕನ್ಯೆಯರನ್ನು ತಂದು ನಿಲ್ಲಿಸಿದರೆಂದೂ, ಮುನಿಗೆ ಏನು ಸಲ್ಲುತ್ತದೆಂಬುದು ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ ಅವನು ಮತ್ತೂ ಹಲವು ತಿಂಗಳು ನಿರಾಹಾರನಾಗಿಯೇ ಮುಂದೆ ನಡೆದನೆಂದೂ ಪರಂಪರೆ ಹೇಳುತ್ತದೆ. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನು, ಪೂರ್ವಜನ್ಮದಲ್ಲಿ ಮುನಿಗಳಿಗೆ ಆಹಾರ ಕೊಟ್ಟ ಬಗೆಯನ್ನು ನೆನೆದು, ಕಬ್ಬಿನ ರಸವನ್ನು ವಿಧಿಪೂರ್ವಕವಾಗಿ ನೀಡಿದನು. ಅಕ್ಷಯ ತೃತೀಯೆಯನ್ನು ಜೈನರು ಆ ದಿನವೆಂದೇ ಆಚರಿಸುತ್ತಾರೆ. ರತ್ನ ತಂದವರ ಭಕ್ತಿ ಶ್ರೇಯಾಂಸನ ಭಕ್ತಿಗಿಂತ ಕಡಿಮೆಯದೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ವ್ಯತ್ಯಾಸವಿದ್ದದ್ದು ತಿಳಿವಳಿಕೆಯಲ್ಲಿ. ಇಂದಿಗೂ ದಿಗಂಬರ ಮುನಿಗಳ ಆಹಾರಚರ್ಯೆಯಲ್ಲಿ, ಎಂದರೆ ಮುನಿಯು ಊಟಕ್ಕಾಗಿ ಹೊರಡುವ ನಿಯಮದಲ್ಲಿ, ಮನಸ್ಸಿನಲ್ಲಿ ತಳೆದ ಸಂಕಲ್ಪ ಕೂಡಿಬರದಿದ್ದರೆ ಮುನಿ ಉಣ್ಣದೆ ಮರಳುತ್ತಾನೆ, ಕೈಬೊಗಸೆಯ ತುತ್ತಿನಲ್ಲಿ ಕೂದಲು ಕಂಡರೆ ಅಲ್ಲಿಗೇ ನಿಲ್ಲಿಸುತ್ತಾನೆ, ಮತ್ತು ಆಹಾರ ನೀಡುವ ಗೃಹಸ್ಥನು ಒತ್ತಾಯ ಮಾಡದೆ ಅದನ್ನು ಒಪ್ಪಿಕೊಳ್ಳುತ್ತಾನೆ. ನಾಯಿ ಎಂದೊಡನೆ ಯುಧಿಷ್ಠಿರನ ಜೊತೆ ಹಿಮಾಲಯ ಹತ್ತಿದ ನಾಯಿಯನ್ನು ನೆನೆಯುವುದು ವಾಡಿಕೆಯೇನೋ ಹೌದು. ಆದರೆ ಆ ನಾಯಿ ಧರ್ಮದೇವತೆಯ ವೇಷವಾದ್ದರಿಂದ ಅದರ ಹಸಿವಿನ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ನಿಜವಾದ ನಾಯಿಯ ವಿಚಾರದಲ್ಲಿ ಅದರಿಂದ ದೊರೆಯುವ ನೆರವೂ ಅಲ್ಪ.

ಗ್ರೇಹೌಂಡಿನ ನಿರಾಕರಣೆಯ ಹಿಂದೆ ತಿಳಿಯಬಹುದಾದ ಕಾರಣಗಳಿರುತ್ತವೆ. ಪಂದ್ಯದ ದೊಡ್ಡಿಯಲ್ಲಿ ಅದು ಹುಟ್ಟಿನಿಂದ ಇತರ ನಾಯಿಗಳ ನಡುವೆ, ದಿನವೂ ಅದೇ ಗಳಿಗೆಗೆ, ಮಾಂಸ ಬೆರೆಸಿ ನೆನೆಸಿದ ಮೆತ್ತನೆಯ ಆಹಾರವನ್ನು ತಿಂದು ಬೆಳೆದಿರುತ್ತದೆ. ಹೊಸ ಮನೆಯಲ್ಲಿ ಗಾಜಿನ ಬಾಗಿಲು, ಮೆಟ್ಟಿಲು, ಮಿಕ್ಸಿಯ ಸದ್ದು, ಟಿವಿಯ ಬೆಳಕು, ಒಂಟಿತನ ಎಲ್ಲವೂ ಒಮ್ಮೆಗೇ ಎದುರಾಗುತ್ತವೆ, ತಟ್ಟೆಯಲ್ಲಿ ಗಡಸು ಒಣ ಕಾಳುಗಳು ಬಂದು ಬೀಳುತ್ತವೆ. ಈ ತಳಿಯಲ್ಲಿ ಹಲ್ಲು ಮತ್ತು ವಸಡಿನ ರೋಗ ಬಹಳ ಸಾಮಾನ್ಯವಾದ್ದರಿಂದ ಆ ಕಾಳನ್ನು ಕಡಿಯುವುದೇ ನೋವಾಗಿರಬಹುದು; ಕೆಲವಕ್ಕೆ ದೊಡ್ಡಿಯಿಂದಲೇ ಬಂದ ಕೊಕ್ಕೆಹುಳುಗಳ ಬಾಧೆ ಇರುತ್ತದೆ. ಗಾಬರಿಯೊಂದೇ ಹಸಿವನ್ನು ಅಡಗಿಸಿ ಹೊಟ್ಟೆ ಕೆಡಿಸಲು ಸಾಕು. ಇದಕ್ಕೆ ಪ್ರತಿಯಾಗಿ ಮನೆಯವರು ಬೆಳಿಗ್ಗೆ ಕೋಳಿ, ಮಧ್ಯಾಹ್ನ ಮೊಟ್ಟೆ, ಸಂಜೆ ಇನ್ನಾವುದೋ ಡಬ್ಬಿಯ ಆಹಾರ ಎಂದು ತಟ್ಟೆ ಬದಲಿಸುತ್ತ ಹೋದರೆ, ಕೆಟ್ಟ ಹೊಟ್ಟೆ ಇನ್ನಷ್ಟು ಕೆಡುತ್ತದೆ, ಕಾದರೆ ಇನ್ನೂ ರುಚಿಯಾದುದು ಬರುತ್ತದೆಂಬ ಪಾಠವೂ ನಾಯಿಗೆ ಸಿಗುತ್ತದೆ. ಆ ಸಡಗರದಲ್ಲಿ ಶಮನವಾಗುತ್ತಿರುವುದು ಬಡಿಸುವವರ ತಳಮಳವೇ ಹೊರತು ನಾಯಿಯ ಹಸಿವಲ್ಲ ಎಂಬುದನ್ನು ಕಟುವಾಗಿಯಾದರೂ ಹೇಳಬೇಕಾಗುತ್ತದೆ.

ನಾಯಿಯ ಬಾಯನ್ನು ಅವಸರದಿಂದ ಓದಿದರೆ ಏನಾಗುತ್ತದೆಂಬುದಕ್ಕೆ ಯುರೋಪಿನ ಧಾರ್ಮಿಕ ಇತಿಹಾಸದಲ್ಲಿಯೇ ಒಂದು ಗ್ರೇಹೌಂಡಿನ ಪ್ರಸಂಗವಿದೆ. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್ ಪ್ರದೇಶದಲ್ಲಿ ಸಂಚರಿಸುತ್ತಿದ್ದ ಡೊಮಿನಿಕನ್ ಪಂಥದ ಧರ್ಮವಿಚಾರಕ, ಬೂರ್ಬನ್ನಿನ ಸ್ಟೀಫನ್, ತಾಯಂದಿರು ರೋಗಿ ಮಕ್ಕಳನ್ನು ಹೊತ್ತು ಸಂತ ಗಿನ್‌ಫೋರ್ಟನ ತೋಪಿಗೆ ಹೋಗುವುದನ್ನು ಕೇಳಿ ವಿಚಾರಿಸಿದಾಗ, ಆ ಸಂತ ಒಂದು ನಾಯಿಯೆಂಬುದು ತಿಳಿಯಿತು. ತೊಟ್ಟಿಲ ಬಳಿ ಬಂದ ಹಾವನ್ನು ಕೊಂದ ಆ ನಾಯಿಯ ಬಾಯಲ್ಲಿ ರಕ್ತ ಕಂಡ ಒಡೆಯನು, ಮಗುವನ್ನೇ ಕೊಂದಿತೆಂದು ಭಾವಿಸಿ ಕತ್ತಿಯಿಂದ ಇರಿದನು. ಮಗು ಸುಖವಾಗಿ ನಿದ್ರಿಸುತ್ತಿದ್ದುದು ಆಮೇಲೆ ಕಂಡಿತು. ಪಂಚತಂತ್ರದ ಮುಂಗುಸಿಯ ಕಥೆ ಬಲ್ಲ ಓದುಗರಿಗೆ ಇದರ ಮೂಲಧಾತು ಕೂಡಲೇ ಹೊಳೆಯುತ್ತದೆ, ಜಾನಪದ ವಿದ್ವಾಂಸರೂ ಎರಡನ್ನೂ ಒಂದೇ ಬಗೆಯ ಕಥೆಯಾಗಿ ವರ್ಗೀಕರಿಸಿದ್ದಾರೆ. ಸ್ಟೀಫನ್ ಆ ನಾಯಿಯ ಎಲುಬುಗಳನ್ನು ಅಗೆಸಿ ತೋಪಿನೊಡನೆ ಸುಡಿಸಿದರೂ ಆರಾಧನೆ ಶತಮಾನಗಳ ಕಾಲ ಅಳಿಯಲಿಲ್ಲ. ಇಂದಿನ ಮನೆಗಳಲ್ಲಿ ಕತ್ತಿಯಿಲ್ಲ, ಆದರೆ ತಪ್ಪು ಓದು ಮುಂದುವರಿದಿದೆ. ಕೊನೆಯ ಎರಡು ಮೂರು ಪಕ್ಕೆಲುಬುಗಳು ಕಾಣುವುದು ಗ್ರೇಹೌಂಡಿನಲ್ಲಿ ಆರೋಗ್ಯದ ಲಕ್ಷಣವಾಗಿರುವಾಗ ಅದನ್ನು ಬರಗಾಲದ ದೇಹವೆಂದು ಮರುಗುವುದೂ, ಥೈರಾಯ್ಡ್ ಪ್ರಮಾಣ ಈ ತಳಿಯಲ್ಲಿ ಸಹಜವಾಗಿಯೇ ಕಡಿಮೆಯಿರುವುದನ್ನು ರೋಗವೆಂದು ಎಣಿಸುವುದೂ, ಭಯವನ್ನು ಹಟವೆನ್ನುವುದೂ ಇದೇ ಜಾತಿಯ ತಪ್ಪುಗಳು.

ಹಾಗಾದರೆ ನಾಯಿ ಒಲ್ಲೆನೆಂದುದನ್ನೆಲ್ಲ ಇಚ್ಛೆಯೆಂದು ಗೌರವಿಸಿ ಸುಮ್ಮನಿರಬೇಕೆ? ಟಾಮ್ ರೀಗನ್ ಎಂಬ ಅಮೆರಿಕದ ತತ್ತ್ವಜ್ಞಾನಿ 1983ರಲ್ಲಿ ಪ್ರಕಟಿಸಿದ ‘ದಿ ಕೇಸ್ ಫಾರ್ ಅನಿಮಲ್ ರೈಟ್ಸ್’ ಕೃತಿಯಲ್ಲಿ, ಕಾಂಟ್ ಹೇಳುವ ಸ್ವಾಯತ್ತತೆ, ಎಂದರೆ ತನ್ನ ನಡೆಗೆ ತಾನೇ ನಿಯಮ ವಿಧಿಸಿಕೊಳ್ಳುವ ಶಕ್ತಿ, ಪ್ರಾಣಿಗಳಿಗಿಲ್ಲದಿದ್ದರೂ ಬೇಕು ಬೇಡಗಳನ್ನು ಹೊಂದಿ ಅದರಂತೆ ವರ್ತಿಸುವ ಇನ್ನೊಂದು ಬಗೆಯ ಸ್ವಾಯತ್ತತೆ ಅವುಗಳಿಗಿದೆ ಎಂದು ವಾದಿಸಿದನು. ವಾದ ಬಲವಾಗಿದೆ, ಆದರೆ ಅದಕ್ಕೊಂದು ಎಲ್ಲೆಯಿದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಸಲ್ಲೇಖನವು, ಎಂದರೆ ಆಹಾರವನ್ನು ಕ್ರಮವಾಗಿ ತೊರೆದು ದೇಹ ಬಿಡುವ ವ್ರತವು, ಪರಿಣಾಮವನ್ನು ಅರಿತು ಕೈಗೊಂಡ ಸಂಕಲ್ಪ. ನಾಯಿಯ ನಿರಾಕರಣೆ ಅಂಥದಲ್ಲ. ಬಾಗಿಲು ತೆರೆದು ಬೇರೆಡೆಗೆ ಹೋಗಿ ಉಣ್ಣುವ ಸ್ವಾತಂತ್ರ್ಯ ಕಳೆದುಕೊಂಡ ಜೀವಕ್ಕೆ ಉಳಿದಿರುವುದು ಒಲ್ಲೆನೆನ್ನುವುದೊಂದೇ ಆದ್ದರಿಂದ ಅದನ್ನು ಬಲವಂತದಿಂದ ಮುರಿಯಬಾರದು. ಅದೇ ಕಾರಣಕ್ಕೆ, ಅದರ ಪ್ರಾಣದ ಹೊಣೆ ಪೂರ್ತಿಯಾಗಿ ಮನೆಯವರ ಮೇಲಿರುವುದರಿಂದ, ಗೌರವದ ಹೆಸರಿನಲ್ಲಿ ಉದಾಸೀನರಾಗುವಂತೆಯೂ ಇಲ್ಲ. ಮಿಕ್ಕಂತೆ ಚುರುಕಾಗಿರುವ ವಯಸ್ಕ ನಾಯಿ ಒಂದು ದಿನ ಉಣ್ಣದಿದ್ದರೆ ಕಾಯಬಹುದು, ಎರಡನೆಯ ದಿನವೂ ಮುಟ್ಟದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ವಾಂತಿ, ಭೇದಿ, ಮಂಕು ಇದ್ದರೆ ಅಥವಾ ನೀರನ್ನೂ ಬಿಟ್ಟಿದ್ದರೆ ಆ ದಿನವೇ ಹೋಗಬೇಕು.

ಉಳಿದ ಸೇವೆಯಲ್ಲಿ ಸದ್ದಿಗೆಡೆಯಿಲ್ಲ. ದಿನಕ್ಕೆ ಎರಡು ಹೊತ್ತು, ನಿಗದಿತ ವೇಳೆಗೆ, ಓಡಾಟವಿಲ್ಲದ ಮೂಲೆಯಲ್ಲಿ ತಟ್ಟೆಯಿಟ್ಟು, ಒಣ ಕಾಳನ್ನು ಬೆಚ್ಚನೆಯ ನೀರಿನಲ್ಲಿ ಅಥವಾ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕದ ಮಾಂಸದ ತಿಳಿಸಾರಿನಲ್ಲಿ ನೆನೆಸಿ, ಮಾತಿಲ್ಲದೆ ಪಕ್ಕಕ್ಕೆ ಸರಿಯುವುದು. ಕಾಲು ಗಂಟೆ ಕಳೆದ ಮೇಲೆ ಗದರದೆ, ಓಲೈಸದೆ ತಟ್ಟೆ ತೆಗೆದು ಮುಂದಿನ ಹೊತ್ತಿಗೆ ಮತ್ತೆ ಇಡುವುದು. ಆಹಾರ ಬದಲಿಸಲೇಬೇಕಾದರೆ ಹಳೆಯದರೊಂದಿಗೆ ಹೊಸದನ್ನು ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುವುದು. ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಶ್ರೇಯಾಂಸನಿಗೆ ನೆರವಾದ ಪೂರ್ವಜನ್ಮದ ಸ್ಮರಣೆ ಈ ಮನೆಗಳಿಗೆ ದೊರಕದು, ಆದರೆ ನಾಯಿಯ ಹಿಂದಿನ ಬದುಕನ್ನು ಬಲ್ಲವರು ದೊಡ್ಡಿಯಲ್ಲಿ ಇನ್ನೂ ಇದ್ದಾರೆ. ಗ್ರೇಹೌಂಡನ್ನು ಮನೆಗೆ ಕರೆತರುವವರು ಅದು ಎಷ್ಟು ಗಂಟೆಗೆ, ಏನನ್ನು, ಎಷ್ಟು ನೆನೆಸಿದ್ದನ್ನು, ಯಾರ ಪಕ್ಕದಲ್ಲಿ ತಿನ್ನುತ್ತಿತ್ತೆಂಬುದನ್ನು ಅವರಿಂದ ಕೇಳಿ ಬರೆದುಕೊಂಡು, ಮೊದಲ ಕೆಲವು ದಿನಗಳಿಗೆ ಸಾಕಾಗುವಷ್ಟು ಅದೇ ಆಹಾರವನ್ನು ಜೊತೆಯಲ್ಲಿಯೇ ತರಬೇಕು.